ಭೋಜನಾನಂತರದ ತೆಲುಗು

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆಂದು ಪತ್ತೆ ಹಚ್ಚಲು ನಾನು ಬಹಳ ದಿನ ಪ್ರಯತ್ನಿಸಿ ಸೋತಿದ್ದೇನೆ. ಹೊರಡುವಾಗ ಪಕ್ಕದ ಹೆಂಗಸು "ವಸಿ ಅತ್ಲಾಗೆ ಸರ್ಕಳಮ್ಮ" ಎನ್ನುತ್ತಾಳೆ. ಇಳಿಯುವ ಹೊತ್ತಿಗೆ ಅದೇ ಸೀಟಿನಲ್ಲಿ ಕೂತ ಇನ್ನೊಬ್ಬಳು ಅದನ್ನೇ "ಕೊಂಚೆಂ ಜರುಗಮ್ಮಾ" ಎನ್ನುತ್ತಾಳೆ. ನಡುವೆ ಗಡಿಯಿಲ್ಲ, ಗೇಟಿಲ್ಲ. ಹಾಲಿಗೆ ಹೆಪ್ಪು ಹಾಕಿಟ್ಟಂತೆ, ಯಾವ ಗಳಿಗೆಯಲ್ಲಿ ಮೊಸರಾಯಿತೆಂದು ಪಾತ್ರೆಗೂ ತಿಳಿಯದು.

ಈ ಸಂಶೋಧನೆ ನನ್ನ ಹವ್ಯಾಸವಲ್ಲ, ಹೊಟ್ಟೆಪಾಡು. ಕೊರಟಗೆರೆಯಲ್ಲಿ ಹುಟ್ಟಿ, ಶಿರಾದಲ್ಲಿ ನರ್ಸ್ ಕೆಲಸಕ್ಕೆ ಸೇರಿ, ಮಧುಗಿರಿಯಲ್ಲಿ ಸಂಸಾರ ಹೂಡಿದ ನನಗೆ ಪಾವಗಡ ತಾಲ್ಲೂಕಿನಲ್ಲಿ ಬಲಸಮುದ್ರದ ಆಚೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ವರ್ಗವಾಯಿತು. ಶಿರಾದಲ್ಲಿ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದ ತಾಯಂದಿರ ಬಾಯಿಂದ ಕೇಳಿ ಕೇಳಿ "ಕಾಂ ದುಖ್ರಾ", ಎಲ್ಲಿ ನೋವು, ಎನ್ನುವಷ್ಟು ಉರ್ದು ತಾನಾಗಿಯೇ ಬಂದಿತ್ತು. ತೆಲುಗಿಗೆ ಅಷ್ಟು ಕಾಯುವ ವ್ಯವಧಾನ ನನಗಿರಲಿಲ್ಲ. ಮೊದಮೊದಲು ಆಶಾ ಕಾರ್ಯಕರ್ತೆ ನಾಗರತ್ನ ನಡುವೆ ನಿಂತು ಅನುವಾದ ಮಾಡುತ್ತಿದ್ದಳು. ಆದರೆ ನಾನು ನಾಲ್ಕು ಮಾತು ಹೇಳಿದರೆ ಅವಳು ನಲವತ್ತು ಮಾಡುತ್ತಿದ್ದಳು. ಎಲ್ಲರೂ ಅವಳ ಮುಖ ನೋಡಿ ನಗುತ್ತಿದ್ದರು, ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದರು. ನನ್ನ ಸ್ವಾಭಿಮಾನ ಸ್ವಲ್ಪ ಸೊರಗಿತು. ಫೋನಿನಲ್ಲಿದ್ದ ಎಐ ಸಹಾಯಕನನ್ನು ಗುರುವಾಗಿ ಸ್ವೀಕರಿಸಿದೆ.

ಎಂಥ ಗುರು! ಗದರುವುದಿಲ್ಲ, ಬೇಸರಿಸುವುದಿಲ್ಲ. ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಸಿದ್ಧ, ಅದೂ ಕನ್ನಡ ಲಿಪಿಯಲ್ಲಿ. ಗಡಿಸೀಮೆಯ ಆಡುಮಾತು ತನಗೆ ಪೂರ್ತಿ ತಿಳಿಯದಿರಬಹುದು, ಅಲ್ಲಿನವರನ್ನು ಕೇಳಿ ಖಚಿತಪಡಿಸಿಕೊಳ್ಳಿ ಎಂದು ಅದು ಆರಂಭದಲ್ಲೇ ಹೇಳಿತ್ತು. ಆ ಸಾಲನ್ನು ನಾನು ಬೆರಳಿನಿಂದ ಮೇಲಕ್ಕೆ ತಳ್ಳಿ ಮುಂದಿನ ವಾಕ್ಯವನ್ನು ಬಾಯಿಪಾಠ ಮಾಡತೊಡಗಿದ್ದೆ.

ನನ್ನ ಪಾಂಡಿತ್ಯದ ಪ್ರಥಮ ಶ್ರೋತೃ ಓಬುಳಮ್ಮ. ಸೋಲಾರ್ ಫಲಕಗಳ ಬೇಲಿಯ ಪಕ್ಕದಲ್ಲಿ ಮೇಕೆ ಮೇಯಿಸುವ ಅಜ್ಜಿ, ಸಕ್ಕರೆ ಕಾಯಿಲೆ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಅವಳ ಅಂಗೈಗಿಟ್ಟು, ಗಂಟಲು ಸರಿಮಾಡಿಕೊಂಡು, "ಭೋಜನಾನಂತರಂ ಮಾತ್ರ ಸೇವಿಂಚಂಡಿ" ಎಂದೆ. ಅಜ್ಜಿ ಭಕ್ತಿಯಿಂದ ತಲೆಯಾಡಿಸಿದಳು. ಭಾಷೆ ಒಲಿಯಿತೆಂದು ನಾನು ಹಿಗ್ಗಿದೆ.

ಮುಂದಿನ ಬಾರಿ ಅವಳನ್ನು ಇಬ್ಬರು ಹಿಡಿದುಕೊಂಡು ಕರೆತಂದರು. ತಲೆ ತಿರುಗಿ ಮೇಕೆಗಳ ನಡುವೆಯೇ ಕುಸಿದು ಕೂತಿದ್ದಳಂತೆ. ರಕ್ತ ಪರೀಕ್ಷಿಸಿದರೆ ಸಕ್ಕರೆ ಮೇಲೇರಿ ಕೂತಿತ್ತು. ಮಾತ್ರೆಗಳು ಮಾತ್ರ ಸೆರಗಿನ ಗಂಟಿನಲ್ಲಿ ಕೊಟ್ಟಂತೆಯೇ ಇದ್ದವು. ಯಾಕೆ ನುಂಗಲಿಲ್ಲವೆಂದು ನಾಗರತ್ನ ಕೇಳಿದಳು. ಅಜ್ಜಿ ನನ್ನತ್ತ ನೋಡಿ, ನನ್ನನ್ನೇ ಸಮಾಧಾನಪಡಿಸುವ ದನಿಯಲ್ಲಿ ಹೇಳಿದಳು: "ಭೋಜನಂ ಯಾಡುಂದಮ್ಮಾ ಮಾ ಇಂಟ್ಲೋ? ಮೇಮು ತಿನೇದಿ ಸಂಗಟಿ ಕದಾ."

ನಾಗರತ್ನ ನಗು ತಡೆಯಲಾರದೆ ಬಿಡಿಸಿ ಹೇಳಿದಳು. "ಸಿಸ್ಟರೇ, ಅವ್ವನ ಲೆಕ್ಕದಾಗೆ ಭೋಜನ ಅಂದ್ರೆ ಮದ್ವೆ ಮನೆ ಊಟ. ಮನೇಲಿ ತಿನ್ನೋದು ಮುದ್ದೆ, ಅದಕ್ಕೆ ಸಂಗಟಿ ಅಂತಾರೆ. ಭೋಜನ ಸಿಕ್ಕಿದ್ ದಿನ ಮಾತ್ರೆ ನುಂಗಾನ ಅಂತ ಮಡಿಕ್ಕೊಂಡವ್ರೆ. ನೀವು ಟೀವಿ ವಾರ್ತೆ ಓದ್ದಂಗೆ ಓದ್ಬುಟ್ರೆ ಹೆಂಗೆ?"

ನಾನೂ ನಕ್ಕು, ಮುದ್ದೆ ತಿಂದ ಮೇಲೆ ಮಾತ್ರೆ ನುಂಗಬೇಕೆಂದು ಅವಳಿಂದಲೇ ಅಜ್ಜಿಗೆ ಹೇಳಿಸಿದೆ. ಯಂತ್ರ ತಪ್ಪು ಹೇಳಿರಲಿಲ್ಲ. ಅದರ ತೆಲುಗು ಅಚ್ಚುಕಟ್ಟಾಗಿತ್ತು. ಅದನ್ನು ಕೇಳುವ ಕಿವಿ ಯಾರದೆಂದು ನಾನು ಅದಕ್ಕೆ ಹೇಳಿರಲಿಲ್ಲ, ಅಷ್ಟೆ. ಇನ್ನೂ ಯೋಚಿಸಿದಾಗ ಮತ್ತೊಂದು ಹೊಳೆಯಿತು: ಇಷ್ಟು ದಿನ ನಾನು ಕೇಳುತ್ತಿದ್ದುದೆಲ್ಲ 'ಇದನ್ನು ಹೇಗೆ ಹೇಳಲಿ' ಎಂದೇ. ಅವರು ಏನು ಹೇಳಬಹುದು, ಅದನ್ನು ನಾನು ಹೇಗೆ ತಿಳಿಯಲಿ ಎಂದು ಒಮ್ಮೆಯೂ ಕೇಳಿರಲಿಲ್ಲ. ಮಾತ್ರೆ ಕೊಡುವವಳಿಗೆ ಮಾತು ಕೊಡಲು ಬಂದರೆ ಸಾಲದು, ಮಾತು ತೆಗೆದುಕೊಳ್ಳಲೂ ಬರಬೇಕು.

ಅಂದಿನಿಂದ ಗುರುಶಿಷ್ಯರ ಕರಾರು ಬದಲಾಯಿತು. ಔಷಧಿಯ ಪ್ರಶ್ನೆ ಡಾಕ್ಟರಿಗೆ, ಭಾಷೆಯ ಪ್ರಶ್ನೆ ಮಾತ್ರ ಫೋನಿಗೆ. "ನಾನು ಮೊದಲು ಹೇಳಿ ನೋಡುತ್ತೇನೆ, ತಪ್ಪಿದರೆ ಸುಳಿವು ಕೊಡು, ಉತ್ತರ ಕೊಡಬೇಡ" ಎಂದು ಬರೆದೆ. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಅದರ ಮುಂದಿಟ್ಟು ಅರ್ಥ ಊಹಿಸಿದೆ. ಊಹೆ ಸರಿಯೇ ಎಂದು ಮರುದಿನ ಅದೇ ಹೆಂಗಸರನ್ನು ಕೇಳಿದೆ. ಕೆಲವು ಸಲ ಫೋನು ಗೆದ್ದಿತು, ಹಲವು ಸಲ ಹೆಂಗಸರು ಗೆದ್ದರು. "ನೀನು ರೋಗಿಯಾಗು, ಒಂದೇ ಸಮನೆ ದೂರು ಹೇಳು" ಎಂದರೆ ಅದು ಬೆನ್ನುನೋವು, ಸೊಂಟನೋವುಗಳನ್ನು ಧಾರಾಳವಾಗಿ ತೋಡಿಕೊಳ್ಳುತ್ತಿತ್ತು. ನನ್ನ ಪ್ರಗತಿ ನಿಧಾನವಾಯಿತು, ತಪ್ಪುಗಳು ಹೆಚ್ಚಿದವು. ವಿಚಿತ್ರವೆಂದರೆ, ತಪ್ಪಿದ ಮಾತುಗಳೇ ನೆನಪಿನಲ್ಲಿ ಉಳಿದವು.

ಓಬುಳಮ್ಮ ಮುದ್ದೆಯ ಮೇಲೆ ತಪ್ಪದೆ ಮಾತ್ರೆ ನುಂಗತೊಡಗಿದ್ದಳು, ಸಕ್ಕರೆಯೂ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ನಾಗರತ್ನ ಇಲ್ಲದ ಹೊತ್ತಿನಲ್ಲಿ ಬಂದಳು. ರಕ್ತ ನೋಡಿದ್ದಾಯಿತು, ಮಾತ್ರೆ ಕೊಟ್ಟದ್ದೂ ಆಯಿತು. ಎಂದಿನಂತೆ ಮುಂದಿನವರನ್ನು ಕರೆಯದೆ "ಇಂಕೇಮವ್ವಾ?" ಎಂದು ಕೇಳಿ ಸುಮ್ಮನೆ ಕೂತೆ. ಇನ್ನೇನು ಸಮಾಚಾರ ಎಂದಷ್ಟೇ ಅದರ ಅರ್ಥ.

ಅಜ್ಜಿ ಅನುಮಾನಿಸಿದಳು. ಆಮೇಲೆ ಗಡಗಡನೆ ಏನೋ ಹೇಳಿದಳು. ಅದರಲ್ಲಿ ನನಗೆ ದಕ್ಕಿದ್ದು 'ಚೆಪ್ಪು' ಎಂಬ ಒಂದೇ ಪದ. ಹೇಳು ಎನ್ನುತ್ತಿದ್ದಾಳೆ, ನನ್ನಿಂದ ಏನನ್ನೋ ಹೇಳಿಸಬೇಕಾಗಿದೆ ಅಂದುಕೊಂಡೆ. ಮೊದಲಿನ ನಾನಾಗಿದ್ದರೆ ತಲೆಯಾಡಿಸಿ ಕಳಿಸಿಬಿಡುತ್ತಿದ್ದೆ. ಈಗ "ಇಂಕೋಸಾರಿ ಚೆಪ್ಪವ್ವಾ" ಎಂದೆ, ಇನ್ನೊಂದು ಸಲ ಹೇಳೆಂದು.

ಅವಳು ಹೇಳಲಿಲ್ಲ. ಕಾಲಿನ ಚಪ್ಪಲಿ ಕಳಚಿ ನನ್ನ ಮುಂದೆ ಹಿಡಿದಳು. ತೆಲುಗಿನಲ್ಲಿ ಹೇಳು ಎನ್ನುವುದಕ್ಕೂ ಚೆಪ್ಪು, ಚಪ್ಪಲಿಗೂ ಚೆಪ್ಪು! ನಾನು ಪೆಚ್ಚಾಗಿ ನಗುತ್ತಿರುವಾಗ ಅವಳು ಮಕ್ಕಳಿಗೆ ಹೇಳುವಂತೆ ಬಿಡಿಬಿಡಿಯಾಗಿ ಹೇಳಿದಳು: "ಕಾಳ್ಳು ಮೊದ್ದುಬಾರಿನಾಯಮ್ಮಾ. ಚೆಪ್ಪು ಜಾರಿಪೋಯಿನಾ ತೆಲೀದು."

ಈ ಸಲ ಪೂರ್ತಿ ಅರ್ಥವಾಯಿತು. ಪಾದ ಮರಗಟ್ಟಿದೆ, ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗುವುದಿಲ್ಲ. ನನ್ನ ನಗು ನಿಂತಿತು. ಸಕ್ಕರೆ ಕಾಯಿಲೆಯವರ ಬಾಯಲ್ಲಿ ಯಾವ ನರ್ಸೂ ಲಘುವಾಗಿ ಕೇಳುವ ಮಾತಲ್ಲ ಅದು. ಕೆಳಗೆ ಕೂತು ಅವಳ ಪಾದವನ್ನು ಮಡಿಲಿಗೆ ತೆಗೆದುಕೊಂಡೆ. ಹಿಮ್ಮಡಿಯ ಹತ್ತಿರ ಒಂದು ಜಾಲಿಮುಳ್ಳು ಮುರಿದು ಒಳಗೇ ಕೂತಿತ್ತು. ಸುತ್ತಲೂ ಕೆಂಪಗೆ ಬಾತಿತ್ತು. ಎಷ್ಟು ದಿನದಿಂದ ಅದರ ಮೇಲೆ ನಡೆದಿದ್ದಳೋ, ಅವಳಿಗೇ ತಿಳಿಯದು. ತೊಳೆದು, ಮುಳ್ಳು ತೆಗೆದು, ಪಟ್ಟಿ ಕಟ್ಟಿ, ಡಾಕ್ಟರಿಗೆ ಫೋನು ಮಾಡಿದೆ. ಕೂಡಲೇ ಕಳಿಸಿ ಎಂದರು. ಒಳ್ಳೆಯ ವೇಳೆಗೆ ಕಂಡಿತು, ಇನ್ನೂ ತಡವಾಗಿದ್ದರೆ ಪಾದಕ್ಕೇ ಕಷ್ಟವಿತ್ತು ಎಂದು ಆಮೇಲೆ ಅವರೇ ಹೇಳಿದರು.

ಆಟೋ ಬರುವವರೆಗೆ ಅಜ್ಜಿ ಹತ್ತಿಯ ಮೇಲಿದ್ದ ಆ ಮುಳ್ಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅವಳಿಗೆ ನಂಬಿಕೆ ಬರಲಿಲ್ಲ.

"ಇದಿ ನಾದೇನಾ?" ಎಂದಳು. ಇದು ನನ್ನದೇನಾ?

"ನೀದೇ ಅವ್ವಾ" ಎಂದೆ.