ಬೋರಲು ಹಿಡಿದ ಮೊಸರಿನ ಗಡಿಗಿ

ನಾ ಹೆಪ್ಪು ಹಾಕಿದ ಮೊಸರಿನ ಗಡಿಗಿ ಬೋರಲು ಹಿಡಿದ್ರೂ ಒಂದು ಹನಿ ಬೀಳ್ತಿರಲಿಲ್ಲ. ಲಿಂಗಸುಗೂರು ಬಸ್ಸಿನಾಗ ಕಂಡಕ್ಟರನ ತಲಿಮ್ಯಾಲೆನ ಹಿಡಿದು ತೋರಿಸೀನಿ. ಆ ಕಂಡಕ್ಟರ್ ಈಗಿಲ್ಲ, ಆ ಬಸ್ಸೂ ಗುಜರಿಗೆ ಹೋಗೇತಿ. ಹಂಗಾಗಿ ನೀವು ನಂಬಬೇಕು.

ಮಸ್ಕಿ ಇನ್ನೂ ತಾಲೂಕು ಆಗಿರದ ಕಾಲ ಅದು. ಲಿಂಗಸುಗೂರಿನ ಆಚೆ ಹಟ್ಟಿಗೆ ಕೊಟ್ಟಿದ್ದ ಮಗಳು ಶಾಂತಮ್ಮ ಚೊಚ್ಚಲ ಬಸುರಿ. ಬಾಯಿ ಕೆಟ್ಟು ಊಟ ಬಿಟ್ಟಿದ್ಲು. ಅಪ್ಪನ ಮೊಸರಾದ್ರ ಉಣ್ತೀನಿ ಅಂತ ಹೇಳಿ ಕಳಿಸಿದ್ಲು. ಎಮ್ಮಿ ಹಾಲು ಕುಳ್ಳಿನ ಉರಿಮ್ಯಾಲೆ ಕೆಂಪಗಾಗೋ ತನಕ ಕಾಸಿ ಹೆಪ್ಪು ಹಾಕಿದೆ. ಮರುದಿನ ಮಸ್ಕ್ಯಾಗ ಸಿಂಧನೂರಿನಿಂದ ಬಂದ ಬಸ್ಸು ಹತ್ತಿದೆ.

"ಇಳೀರಿ ಯಜಮಾನ್ರ. ಮೊಸರು ಚೆಲ್ಲಿ ಮಂದಿ ಅಂಗಿ-ಅರಬಿ ಕೆಟ್ರ ಜವಾಬು ಕೊಡಾವ್ರು ಯಾರು?" ಅಂದ ಕಂಡಕ್ಟರ್.

ಇಳಿದ್ರ ಮಗಳು ಅವತ್ತೂ ಉಪವಾಸ.

"ನಿನ್ನ ಟೊಪಗಿ ತಗೀಪಾ," ಅಂದೆ. ಅವನ ತಲಿಮ್ಯಾಲೆ ಗಡಿಗಿ ಬೋರಲು ಮಾಡಿದೆ. ನೋಡಾಕ ಬಸ್ಸಿನ ಮಂದಿ ಎಲ್ಲಾ ಎದ್ದು ನಿಂತ್ರು. ಮೊಸರು ಮಿಸುಕಲಿಲ್ಲ! "ಕುಂದರ್ರಿ ಕಾಕಾ," ಅಂತ ಅವನು ತನ್ನ ಸೀಟನ್ನೇ ಬಿಟ್ಟುಕೊಟ್ಟ. ಮಗಳು ಅವತ್ತು ಎರಡು ಸಲ ಅನ್ನ ನೀಡಿಸಿಕೊಂಡು ಉಂಡ್ಲು.

ನಿನ್ನೆ ಇದನ್ನ ಕಟ್ಟಿಮ್ಯಾಲೆ ಕುಂತು ಹೇಳಾಕತ್ತಿದ್ದೆ. ತವರಿಗೆ ಬಂದಿದ್ದ ಶಾಂತಮ್ಮ ಬಾಗಿಲಾಗ ನಿಂತು ಕೇಳಾಕತ್ತಿದ್ಲು.

"ಯಪ್ಪಾ, ಗಡಿಗ್ಯಾಗ ಅರ್ಧ ಮೊಸರಿತ್ತು. ಇನ್ನರ್ಧ ನಿನ್ನ ಅಂಗಿ, ಧೋತರದ ತುಂಬ ಇತ್ತು. ತೊಳೆದಾಕಿ ನಾನಲ್ಲೇನು?" ಅಂದ್ಲು.

ಕಟ್ಟಿ ತುಂಬ ನಗು. ನಾ ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡೆ.

"ಅದು ಬಸ್ಸಿನಾಗ ನನ್ನ ಬಾಜೂಕ ಕುಂತಿದ್ದವನ ಮೊಸರು, ಯವ್ವಾ," ಅಂದೆ. "ಅವನ ಮನ್ಯಾಗ ಹೆಪ್ಪು ಹಾಕೋದು ಯಾರಿಗೂ ಬರ್ತಿರಲಿಲ್ಲ."