ಬಾಗಿಲ ಮೇಲಿನ ನಾಳೆ

ಹೆಂಡತಿಯನ್ನು ಡಯಾಲಿಸಿಸ್‌ಗೆಂದು ಸೊರಬದಿಂದ ಶಿಕಾರಿಪುರಕ್ಕೆ ಕರೆದುಕೊಂಡು ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪತ್ತೇದಾರಿ ಕಾದಂಬರಿ ಕೊಂಡಿದ್ದೆ. ರಕ್ತ ಹೀರುವ ಪಿಶಾಚಿಯ ಕತೆ. ಅವಳ ರಕ್ತ ನಳಿಕೆಯಲ್ಲಿ ಯಂತ್ರಕ್ಕೆ ಹೋಗಿ ಬರುತ್ತಿರುವಾಗ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ಎಳೆಯೇನೋ ಚೆನ್ನಾಗಿತ್ತು. ಯಾರಾದರೂ ಕರೆಯದೆ ಹೊಸ್ತಿಲು ದಾಟಲಾರದ ಆ ಪಿಶಾಚಿ, ದೆವ್ವ ಬಾರದಿರಲೆಂದು ಊರವರು ಬಾಗಿಲ ಮೇಲೆ ಬರೆದಿದ್ದ ‘ನಾಳೆ ಬಾ’ ಎಂಬುದನ್ನೇ ಕರೆಯೆಂದು ತಿಳಿಯುತ್ತದೆ. ನಮ್ಮ ಬಾಗಿಲ ಮೇಲೂ ಅದೇ ಬರಹವಿದೆ. ಅವಳು ಬಹಳ ದಿನಗಳ ಮೇಲೆ ನಕ್ಕಳು.

ಆದರೆ ಅದನ್ನು ಬರೆದ ಪುಣ್ಯಾತ್ಮನಿಗೆ ಕತೆ ನಡೆಸಲು ಬರುವುದಿಲ್ಲ. ಅರ್ಧದಲ್ಲೇ ಪಿಶಾಚಿಯನ್ನು ಮರೆತ. ಕೊನೆಗೆ, ಎಲ್ಲವೂ ರಕ್ತ ಮಾರುವ ಕಳ್ಳರ ಕೆಲಸವೆಂದು ಇನ್‌ಸ್ಪೆಕ್ಟರನ ಬಾಯಲ್ಲಿ ಹೇಳಿಸಿ ಕೈತೊಳೆದುಕೊಂಡ. ಸಿಟ್ಟು ಬಂದು ಪುಸ್ತಕ ಮುಚ್ಚಿದೆ.

“ಕೊನೀಗೆ ಏನಾಯ್ತ್ರೀ?” ಎಂದಳು.

“ಎಂತದೂ ಇಲ್ಲ. ಪಿಶಾಚಿ ಅನ್ನೋದೇ ಸುಳ್ಳಂತೆ.”

“ಹಂಗಾರೆ ‘ನಾಳೆ ಬಾ’ ಅಂದಿದ್ದು?”

“ಅದನ್ನ ಮರ್ತೇಬಿಟ್ಟಿದಾನೆ.”

ನರ್ಸ್ ಬಂದು ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು, “ನಾಡಿದ್ದು ಬನ್ನಿ ಅಮ್ಮ” ಎಂದಳು.

ಹೆಂಡತಿ ನನ್ನ ಕಡೆ ತಿರುಗಿ, “ಮನೀಗೆ ಹೋದ್ಮೇಲೆ ಬಾಗಿಲ ಮೇಲೆ ಬರ್ದಿರೋದನ್ನ ಅಳಿಸ್ಬಿಡ್ರೀ” ಎಂದಳು. “ಬರೋದು ಇವತ್ತೇ ಬರ್ಲಿ.”