ಹೊಲಿಗೆಯಕ್ಕನ ಕಣ್ಣಂಚು

ಮೊರಬದಲ್ಲಿ ನನಗೆ ಹೊಲಿಗೆ ಕಲಿಸಿದ ಅಕ್ಕ ಮಷಿನ್ ತುಳಿಯುತ್ತಲೇ ಮಾತಾಡುವವರು, ತಲೆ ಎತ್ತುವುದು ಕಡಿಮೆ. ಒಬ್ಬನೇ ಮಗ ತೀರಿಕೊಂಡ ಮೇಲೆ ಅವರ ಕಣ್ಣಿನ ಸುತ್ತಲಿನ ಚರ್ಮ ಕಪ್ಪಾಗಿ ಸುಕ್ಕುಗಟ್ಟಿತ್ತು. ಜಂಪರ್ ಹೊಲಿಸಲು ಬಂದವರೆಲ್ಲ, "ಮತ್ತ ಅತ್ತೀಯೇನವಾ?" ಅನ್ನುವರು.

"ನಿದ್ದಿ ಆಗಿಲ್ರಿ, ಅಷ್ಟ" ಎಂದು ಅಕ್ಕ ದಾರ ಕಚ್ಚಿ ಹರಿಯುವರು.

ಆ ಪ್ರಶ್ನೆಯೊಂದು ನಿಂತರೆ ಸಾಕೆಂದು ಹುಬ್ಬಳ್ಳಿಯ ಚರ್ಮದ ಡಾಕ್ಟರ ಹತ್ತಿರ ಕಣ್ಣಿನ ಸುತ್ತ ಲೇಸರ್ ಮಾಡಿಸಿಕೊಳ್ಳಲು ಹೊರಟರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ನಾನೂ ಜೊತೆಗೆ ಹೋದೆ.

"ನೋವಾತೇನ್ರಿ ಅಕ್ಕಾ?"

"ಇಲ್ಲಬೇ, ಇರುವಿ ಕಡದಂಗ."

ಬರಬರುತ್ತ ಕಪ್ಪು ತಿಳಿಯಾಯಿತು, ಸುಕ್ಕು ಇಳಿಯಿತು. ಯಾರೂ ಏನೂ ಕೇಳದಾದರು.

ಒಂದು ಸಂಜೆ ಅವರ ಅತ್ತೆ ಬಾಗಿಲಲ್ಲಿ ನಿಂತು ಸೊಸೆಯ ಮುಖ ನೋಡಿದರು. "ಅಗದಿ ಚಂದ ಆಗೀಯಲ್ಲ! ಅಂತೂ ಮಗನ್ನ ಮರತಿ" ಅಂದರು. ಮಷಿನ್ ತುಳಿಯುತ್ತಿದ್ದ ಅಕ್ಕನ ಕಾಲು ನಿಂತುಬಿಟ್ಟಿತು.

ಮರುದಿನ ಮಧ್ಯಾಹ್ನ ನಾನು ಹೋದಾಗ ಅವರು ಹೊರಗಿನ ಕಟ್ಟೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತಿದ್ದರು.

"ಅಕ್ಕಾ, ಡಾಕ್ಟರು ಬಿಸಿಲು ಬ್ಯಾಡ ಅಂದಾರಲ್ರಿ. ಮತ್ತ ಕಪ್ಪ ಆಗತೈತಿ, ಒಳಗ ಬರ್ರಿ."

ಅವರು ಕಣ್ಣು ಬಿಡಲಿಲ್ಲ.

"ಆಗ್ಲಿ ಅಂತನ ಕುಂತೀನಿ."